ಎಲೆಗೆ ಐದು ಸ್ಟಾರ್, ಒಳಗಿನ ಚೀಟಿಗೆ ಒಂದೂ ಇಲ್ಲ

ಮಡಿಕೇರಿಯಲ್ಲಿ ತಗೊಂಡ ಪೋಕರ್ ಸೆಟ್ ಇದು. ತಗಡಿನ ಡಬ್ಬಿ, ಪ್ಲಾಸ್ಟಿಕ್ ಎಲೆಯ ಎರಡು ಕಟ್ಟು, ನಾಲ್ಕು ಬಣ್ಣದ ಚಿಪ್ಸು, ಡೀಲರ್ ಅಂತ ಬರೆದ ಬಿಳಿ ಬಿಲ್ಲೆ, ಮಡಚಿಟ್ಟ ನಿಯಮದ ಚೀಟಿ.

ಮೊದಲು ಎಲೆಯ ಮಾತು. ಕೊಡಗಿನ ಜುಲೈ ಕಂಡವರಿಗೆ ಕಾಗದದ ಇಸ್ಪೀಟಿನ ಗತಿ ಗೊತ್ತೇ ಇರುತ್ತೆ: ಥಂಡಿಗೆ ಉಬ್ಬಿ, ಒಂದಕ್ಕೊಂದು ಅಂಟಿಕೊಂಡು ಕಲೆಸೋಕೇ ಬರಲ್ಲ. ಇವು ಹಾಗಲ್ಲ. ಮೇಲೆ ಕಾಫಿ ಚೆಲ್ಲಿದಾಗಲೂ ಪಂಚೆ ಅಂಚಲ್ಲಿ ಒರೆಸಿ ಹಂಚಿದ್ದೇವೆ. ಹೊಸದರಲ್ಲಿ ಸ್ವಲ್ಪ ಜಾರುತ್ತವೆ, ಅಷ್ಟೇ. ಚಿಪ್ಸು ತೀರಾ ಹಗುರ. ನಮ್ಮಲ್ಲಿ ದುಡ್ಡಿಟ್ಟು ಆಡುವವರಿಲ್ಲ, ಕರೆಂಟ್ ಹೋದ ಸಂಜೆಗೆ ಅದು ಧಾರಾಳ.

ಸಿಟ್ಟು ಬರಿಸಿದ್ದು ಆ ಚೀಟಿ. ‘ಸಮ ಬಂದರೆ ಇಸ್ಪೀಟ್ ದೊಡ್ಡದು, ಆಮೇಲೆ ಆಟೀನು’ ಅಂತ ಅಚ್ಚು ಹಾಕಿಸಿದ್ದಾರೆ. ಪೋಕರ್‌ನಲ್ಲಿ ಕೈಗೆ ಕೈ ಹೋಲಿಸುವಾಗ ಎಲೆಯ ಜಾತಿಗೆ ಬೆಲೆಯೇ ಇಲ್ಲ. ಇದರಿಂದ ಆದ ರಂಪ ಕೇಳಿ. ನಡುವೆ ಎಲ್ಲರಿಗೂ ಸೇರಿದ್ದು ಅಂತ ತೆರೆದಿಟ್ಟ ಐದು ಎಲೆ: ಎರಡು ರಾಜ, ಎರಡು ಒಂಬತ್ತು, ಒಂದು ಎಕ್ಕ. ಭಾವನ ಕೈಲಿ ಏಳರ ಜೋಡಿ, ಚಿಕ್ಕಮ್ಮನ ಕೈಲಿ ರಾಣಿ, ಗುಲಾಮ. “ನಂದು ಮೂರು ಜೋಡಿ, ಮೇಲೆ ಇಸ್ಪೀಟಿನ ಏಳು ಬೇರೆ” ಅಂತ ಭಾವ ಚಿಪ್ಸಿಗೆ ಕೈ ಹಾಕಿದ್ರು. “ಕೈ ತೆಗೀರಿ, ಐದೇ ಎಲೆ ಲೆಕ್ಕ” ಅಂದ್ರು ಚಿಕ್ಕಮ್ಮ. ಅವರದ್ದೇ ಸರಿ. ಏಳು ಎಲೆಯಲ್ಲಿ ಒಳ್ಳೆಯ ಐದು ಆರಿಸಬೇಕು. ಇಬ್ಬರಿಗೂ ಆ ಐದು ಅಂದ್ರೆ ನಡುವೆ ಬಿದ್ದಿರುವ ಅದೇ ಐದು. ಪಾಟ್, ಅಂದ್ರೆ ಆ ಸಲ ಪಣಕ್ಕಿಟ್ಟ ಚಿಪ್ಸಿನ ರಾಶಿ, ಅರ್ಧರ್ಧ. ಒಂದು ಚಿಪ್ ಬೆಸ ಉಳಿದರೆ, ಪಾಲು ಪಡೆಯುವವರಲ್ಲಿ ಡೀಲರ್ ಬಿಲ್ಲೆಯ ಎಡಕ್ಕೆ ಮೊದಲು ಸಿಗುವವರಿಗೆ.

ಜೋಡಿಗೆ ಜೋಡಿ ಸಮ ಆದಾಗ ಉಳಿದ ಎಲೆ ನೋಡೋದು, ಅದೇ ಕಿಕ್ಕರ್. ನಡುವೆ ಎಕ್ಕ, ರಾಜ, 10, 5, 3 ಇದ್ದು, ಒಬ್ಬರ ಹತ್ತಿರ ಎಕ್ಕ–ರಾಣಿ, ಇನ್ನೊಬ್ಬರ ಹತ್ತಿರ ಎಕ್ಕ–8 ಇದ್ದರೆ ರಾಣಿ ಗೆಲ್ಲಿಸುತ್ತಾಳೆ. ಚೀಟಿಯಲ್ಲಿ ಕಿಕ್ಕರ್ ಸುದ್ದಿಯೇ ಇಲ್ಲ!

ಇನ್ನೂ ದೊಡ್ಡ ಎಡವಟ್ಟು: ಕಲರಿಗಿಂತ (ಎಲ್ಲ ಎಲೆಯೂ ಒಂದೇ ಜಾತಿ) ಸೀಕ್ವೆನ್ಸ್ (ಒಂದರ ಹಿಂದೊಂದು ಸಾಲಾಗಿ ಬರುವ ಎಲೆ) ಮೇಲೆ ಅಂತ ಬರೆದಿದ್ದಾರೆ. ಅದು ಮೂರೆಲೆ ಆಟ ತೀನ್ ಪತ್ತಿಯ ಕ್ರಮ, ಎಲ್ಲಿಂದಲೋ ಎತ್ತಿ ತಂದು ಅಂಟಿಸಿದ ಹಾಗಿದೆ. ಮೂರೇ ಎಲೆ ಹಂಚಿದಾಗ ಸೀಕ್ವೆನ್ಸ್ 720 ಬಗೆಯಲ್ಲಿ ಬರಬಹುದು, ಕಲರ್ 1,096 ಬಗೆಯಲ್ಲಿ. ಅಪರೂಪದ್ದಕ್ಕೆ ಬೆಲೆ ಜಾಸ್ತಿ. ಐದು ಎಲೆಗೆ ಬಂದರೆ ಲೆಕ್ಕ ತಲೆಕೆಳಗು: ಕಲರ್ 5,108, ಸೀಕ್ವೆನ್ಸ್ 10,200. ಹಾಗಾಗಿ ಪೋಕರ್‌ನಲ್ಲಿ ಕಲರೇ ಮೇಲೆ. ಎಕ್ಕ–2–3–4–5 ಕೂಡ ಇಲ್ಲಿ ಎಲ್ಲಕ್ಕಿಂತ ಸಣ್ಣ ಸೀಕ್ವೆನ್ಸು. ತೀನ್ ಪತ್ತಿ ಆಡಿ ಪಳಗಿದವರು, ನಮ್ಮ ಭಾವನಂಥವರು, ಎಕ್ಕ ನೋಡಿದ್ದೇ ತಡ ಎಲ್ಲ ಚಿಪ್ಸೂ ಮುಂದೆ ತಳ್ಳಿಬಿಡ್ತಾರೆ.

ಚೀಟಿ ಬಚ್ಚಲ ಒಲೆಗೆ ಹೋಯ್ತು. ಸರಿಯಾದ ಕ್ರಮ ಬರೆದು ಡಬ್ಬಿ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಎಲೆಗೋಸ್ಕರ ಈ ಸೆಟ್ ತಗೊಳ್ಳಬಹುದು. ತಗಡಿನ ಡಬ್ಬಿಗೆ ಮಾತ್ರ ಮೂಲೆಯಲ್ಲಿ ಆಗಲೇ ತುಕ್ಕು ಹಿಡಿದಿದೆ. ಮಳೆಗಾಲದಲ್ಲಿ ಒಲೆ ಮೇಲಿನ ಅಟ್ಟದಲ್ಲಿಡಿ.