‘ಮಳೆ ಬಂದರೂ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವುದು: ದಾವಣಗೆರೆಯ ಒಂದು ಸಂಜೆ ತರಗತಿಯ ಬಗ್ಗೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸಂಜೆ ಏಳರಿಂದ ಎಂಟೂವರೆಯವರೆಗೆ ನಡೆಯುವ ವ್ಯವಹಾರ ಇಂಗ್ಲಿಷ್ ತರಗತಿಯೊಂದಕ್ಕೆ ಆರು ವಾರ ತಪ್ಪದೆ ಹೋಗಿ ಬಂದಿದ್ದೇನೆ. ಶುಲ್ಕ 2,500 ರೂಪಾಯಿ. ನಾನು ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಮತ್ತು ಪತ್ರವ್ಯವಹಾರ ನೋಡಿಕೊಳ್ಳುವವನಾದ್ದರಿಂದ, ಈ ಅಭಿಪ್ರಾಯವನ್ನು ನನ್ನಂತೆ ದಿನಕ್ಕೆ ಹತ್ತಾರು ಮೇಲ್ ಬರೆಯಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಸೇರಲು ಕಾರಣವಾದದ್ದು ಒಂದೇ ಒಂದು ಪದ. ಕಳೆದ ಹಂಗಾಮಿನಲ್ಲಿ, ಕೋಳಿ ಆಹಾರ ತಯಾರಿಸುವ ಖರೀದಿದಾರರೊಬ್ಬರಿಗೆ ‘ಡಿಸ್ಪೈಟ್ ದ ರೇನ್’ ಲಾರಿ ಸೋಮವಾರ ಹೊರಡುತ್ತದೆ ಎಂದು ಬರೆದಿದ್ದೆ. ಮಳೆ ಬಂದರೂ ಮಾಲು ಕಳಿಸುತ್ತೇವೆ ಎಂಬ ಭರವಸೆ ಕೊಡುವುದು ನನ್ನ ಉದ್ದೇಶವಾಗಿತ್ತು. ಆ ದಿನ ಇಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಆದರೆ ಅವರು, ಮಳೆ ಈಗಾಗಲೇ ಸುರಿದಿದೆ, ಆದರೂ ಇವರು ಕಳಿಸುತ್ತಿದ್ದಾರೆ ಎಂದು ಓದಿಕೊಂಡರು. ತೇವಾಂಶ ಶೇ. 14ನ್ನು ಮೀರಿದರೆ ಮೆಕ್ಕೆಜೋಳಕ್ಕೆ ಬೂಸಲು ಹಿಡಿಯುವ ಭಯವಿರುವುದರಿಂದ, ಲಾರಿಯನ್ನು ಗೇಟಿನಲ್ಲೇ ಒಂದು ದಿನ ನಿಲ್ಲಿಸಿ ಚೀಲ ಚೀಲವನ್ನೂ ಪರೀಕ್ಷಿಸಿದರು. ಮಾಲು ಒಣಗಿಯೇ ಇತ್ತು. ನಿಲುಗಡೆಯ ಬಾಡಿಗೆ ಮಾತ್ರ ನಮ್ಮ ಅಂಗಡಿಯ ಲೆಕ್ಕಕ್ಕೆ ಬಂತು.

ಈ ತರಗತಿಯ ಮೇಡಂ ಮೂರನೆಯ ವಾರದಲ್ಲಿ ಹಲಗೆಯ ಮೇಲೆ ‘ಮಳೆ ಬಂದರೂ’ ಎಂದು ಕನ್ನಡದಲ್ಲೇ ಬರೆದು, ಇದಕ್ಕೆ ಎಷ್ಟು ಅರ್ಥವಿದೆ ಹೇಳಿ ಎಂದಾಗ, ನನ್ನ ತಪ್ಪಿನ ಬೇರು ಎಲ್ಲಿದೆ ಎಂಬುದು ನನಗೆ ತಿಳಿಯಿತು. ‘ಮಳೆ ಬಂದರೂ ಹೋದೆವು’ ಎಂದರೆ ಮಳೆ ಬಂದದ್ದು ನಿಜ. ‘ಮಳೆ ಬಂದರೂ ಹೋಗುತ್ತೇವೆ’ ಎಂದರೆ ಮಳೆ ಬರಬಹುದು, ಬಾರದಿರಲೂಬಹುದು. ನಮ್ಮ ಒಂದೇ ‘ರೂ’ ಎರಡನ್ನೂ ಹೊತ್ತುಕೊಂಡು ಹೋಗುತ್ತದೆ, ಕ್ರಿಯಾಪದ ಬಂದ ಮೇಲೆ ಅರ್ಥ ತಾನಾಗಿ ತಿಳಿಯುತ್ತದೆ. ಇಂಗ್ಲಿಷು ಈ ಎರಡನ್ನು ಮೊದಲೇ ಬೇರ್ಪಡಿಸಿಬಿಡುತ್ತದೆ: ಆಗಿರುವ ಸಂಗತಿಗೆ ‘ಈವನ್ ದೋ’, ‘ಡಿಸ್ಪೈಟ್’, ‘ಇನ್ ಸ್ಪೈಟ್ ಆಫ್’, ಆಗಬಹುದಾದದ್ದಕ್ಕೆ ‘ಈವನ್ ಇಫ್’, ಆದರೂ ಒಂದೇ, ಆಗದಿದ್ದರೂ ಒಂದೇ ಎನ್ನುವುದಕ್ಕೆ ‘ರಿಗಾರ್ಡ್‌ಲೆಸ್ ಆಫ್’, ‘ವೆದರ್ ಆರ್ ನಾಟ್’, ‘ನೋ ಮ್ಯಾಟರ್’. ನಾನು ಬರೆಯಬೇಕಾಗಿದ್ದದ್ದು ಕೊನೆಯ ಗುಂಪಿನ ಮಾತನ್ನು. ‘ಈವನ್ ದೋ ಇಟ್ ರೇನ್ಸ್ ಆಲ್ಸೋ’ ಎಂದು ನಮ್ಮ ಊರಿನಲ್ಲಿ ಕೇಳಿಬರುವ ಆ ‘ಆಲ್ಸೋ’ ಕೂಡ ಇದೇ ‘ರೂ’ ಎಂಬುದನ್ನು ಅವರು ತೋರಿಸಿಕೊಟ್ಟರು. ತಪ್ಪನ್ನು ತಪ್ಪೆಂದು ಗೆರೆ ಎಳೆದು ಬಿಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ನಮ್ಮ ಭಾಷೆಯ ಯಾವ ಮೂಲೆಯಿಂದ ಬಂತೆಂದು ಹೇಳಿದವರು ಇವರೊಬ್ಬರೇ.

ಅದೇ ದಿನ ಹರಿಹರದಿಂದ ಬರುವ ಹಿರಿಯರೊಬ್ಬರು, ರಾಮ ಆಳಿದರೂ ರಾವಣ ಆಳಿದರೂ ರಾಗಿ ಬೀಸೋದು ತಪ್ಪಲಿಲ್ಲ ಎಂಬುದನ್ನು ಹೇಗೆ ಹೇಳುವುದು ಮೇಡಂ ಎಂದು ಕೇಳಿದರು. ‘ನೋ ಮ್ಯಾಟರ್ ಹೂ ವಿಲ್ ರೂಲ್’ ಎಂದು ನಾವೆಲ್ಲ ಒಟ್ಟಿಗೆ ಹೇಳಿದೆವು. ಮೇಡಂ ‘ವಿಲ್’ ಅನ್ನು ಬೆರಳಿನಿಂದಲೇ ಒರೆಸಿ ‘ರೂಲ್ಸ್’ ಎಂದು ತಿದ್ದಿದರು. ಮುಂದೆ ನಡೆಯುವ ಮಾತಾದರೂ ‘ನೋ ಮ್ಯಾಟರ್’ ಆದ ಮೇಲೆ ವರ್ತಮಾನ ಕಾಲವೇ ಬರಬೇಕು, ‘ವಿಲ್’ ವಾಕ್ಯದ ಇನ್ನೊಂದು ಭಾಗಕ್ಕೆ ಸೇರಿದ್ದು. ಇದೊಂದನ್ನು ಕಲಿತಿದ್ದಕ್ಕೇ ನನ್ನ ಅರ್ಧ ಶುಲ್ಕ ಸಂದಿತು ಎಂದುಕೊಂಡಿದ್ದೇನೆ.

‘ಕಮ್ ವಾಟ್ ಮೇ’ ಎಂಬುದರಲ್ಲಿನ ‘ಕಮ್’ ಅನ್ನು ನಾವು ‘ಬಾ’ ಎಂದೇ ತಿಳಿದಿದ್ದೆವು. ಅದು ‘ಬರಲಿ’ ಎಂಬ ಅರ್ಥದ ಹಳೆಯ ರೂಪವಂತೆ, ಅಂದರೆ ನಮ್ಮ ‘ಏನೇ ಬರಲಿ’ ಎಂಬುದಕ್ಕೆ ಒಡಹುಟ್ಟಿದಂತಿದೆ. ಶೇಕ್ಸ್‌ಪಿಯರ್ ತನ್ನ ಮ್ಯಾಕ್‌ಬೆತ್ ನಾಟಕದಲ್ಲಿ ಇದನ್ನೇ ‘ಕಮ್ ವಾಟ್ ಕಮ್ ಮೇ’ ಎಂದು ಬಳಸಿದ್ದಾನೆ. ನಾವು ಕನ್ನಡದ ನಡುವೆಯೂ ಸಲೀಸಾಗಿ ಆಡುವ ‘ಬೈ ಹುಕ್ ಆರ್ ಬೈ ಕ್ರುಕ್’ ಬಗ್ಗೆ ಮಾತ್ರ ಮೇಡಂ ಗಟ್ಟಿಯಾಗಿ ಎಚ್ಚರಿಸಿದರು: ಅದಕ್ಕೆ ನ್ಯಾಯವೋ ಅನ್ಯಾಯವೋ, ಯಾವ ದಾರಿಯಿಂದಾದರೂ ಎಂಬ ಅರ್ಥವಿರುವುದರಿಂದ, ಹಣ ಕಟ್ಟುತ್ತೇವೆ ಎಂದು ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ಅದು ಇರಲೇಬಾರದು. ‘ಇರ್ರಿಗಾರ್ಡ್‌ಲೆಸ್’ ಎಂಬ ಪದವೂ ಬೇಡ. ‘ಇರ್’ ಮತ್ತು ‘ಲೆಸ್’ ಎರಡೂ ಇಲ್ಲವೆನ್ನುವ ಅಂಗಗಳು, ನಿಘಂಟುಗಳು ಅದನ್ನು ಶಿಷ್ಟವಲ್ಲ ಎಂದೇ ಗುರುತಿಸುತ್ತವೆ.

ಕೊರತೆಗಳನ್ನೂ ಹೇಳಬೇಕು. ಕೊಡುವ ಜೆರಾಕ್ಸ್ ಹಾಳೆಗಳಲ್ಲಿ ‘ರೇನ್ ಆರ್ ಶೈನ್’, ‘ಹೆಲ್ ಆರ್ ಹೈ ವಾಟರ್’, ‘ಇರ್ರೆಸ್ಪೆಕ್ಟಿವ್ ಆಫ್’ ಎಲ್ಲವೂ ಒಂದೇ ಸಾಲಿನಲ್ಲಿವೆ. ಮೊದಲನೆಯದು ಮಾತಿಗೂ ಆಮಂತ್ರಣಕ್ಕೂ ಒಪ್ಪುತ್ತದೆ, ಎರಡನೆಯದು ಆಪ್ತರ ಮುಂದೆ ಹಟ ತೊಟ್ಟು ಹೇಳುವ ಮಾತು, ಮೂರನೆಯದು ಕಚೇರಿಯ ಪತ್ರದ ಭಾಷೆ. ಈ ವ್ಯತ್ಯಾಸ ಹಾಳೆಯಲ್ಲಿ ಇಲ್ಲದ್ದರಿಂದ, ತರಗತಿ ತಪ್ಪಿಸಿಕೊಂಡವರು ಗ್ರಾಹಕರಿಗೆ ‘ಹೆಲ್’ ಎಂದು ಬರೆದುಬಿಡುವ ಅಪಾಯವಿದೆ. ಬರವಣಿಗೆ ತಿದ್ದಿ ಕೊಡುವುದು ವಾರಕ್ಕೆ ಒಂದೇ ಸಲ, ಅದೂ ಅರ್ಧ ಪುಟ. ಇಪ್ಪತ್ತೆರಡು ಜನರಿಗೆ ಒಬ್ಬರೇ ಮೇಡಂ ಇರುವಾಗ ಹೆಚ್ಚು ಕೇಳುವುದು ಕಷ್ಟ, ಆದರೂ ಕೇಳುತ್ತೇನೆ. ಕಿಟಕಿಯ ಕೆಳಗೇ ರಸ್ತೆಯಿರುವುದರಿಂದ ಹಿಂದಿನ ಬೆಂಚಿಗೆ ಉಚ್ಚಾರಣೆ ಕೇಳಿಸುವುದಿಲ್ಲ. ಆರೂ ಮುಕ್ಕಾಲಿಗೇ ಹೋಗಿ ಮುಂದೆ ಕುಳಿತುಕೊಳ್ಳಿ.

ಶಾಲೆಯ ಪರೀಕ್ಷೆಗೆ ಓದುವ ಮಕ್ಕಳಿಗೆ ಈ ತರಗತಿಯಿಂದ ಹೆಚ್ಚು ಪ್ರಯೋಜನವಿಲ್ಲ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವ ನೌಕರರು, ವ್ಯಾಪಾರಿಗಳು ಖಂಡಿತ ಸೇರಬಹುದು. ಈ ಜೂನ್‌ನಲ್ಲಿ ಅದೇ ಖರೀದಿದಾರರಿಗೆ ‘ರಿಗಾರ್ಡ್‌ಲೆಸ್ ಆಫ್ ದ ವೆದರ್’ ಎಂದು ಬರೆದು, ಹೊದಿಸಿದ ತಾಡಪಾಲಿನ ಚಿತ್ರವನ್ನೂ ಜೊತೆಗಿಟ್ಟು ಕಳಿಸಿದೆ. ಲಾರಿ ಆ ಮಧ್ಯಾಹ್ನವೇ ಖಾಲಿಯಾಯಿತು.