ಅಂಕ ಕೊಡದ ಅಳತೆಗೋಲು: ಎಚ್‌ಸಿಆರ್-20 ಮೂರನೇ ಆವೃತ್ತಿಯನ್ನು ಜೈಲಿನಲ್ಲಿ ಬಳಸಿದ ಮೇಲೆ

ಹಿಂಸೆಯ ಹಿನ್ನೆಲೆಯುಳ್ಳ ವ್ಯಕ್ತಿಯೊಬ್ಬ ಮತ್ತೆ ಯಾರ ಮೇಲಾದರೂ ಕೈ ಮಾಡುವ ಸಂಭವ ಎಷ್ಟು, ಅದನ್ನು ತಡೆಯಲು ಏನು ಮಾಡಬೇಕು ಎಂಬುದನ್ನು ಕ್ರಮವಾಗಿ ಯೋಚಿಸಲು ಹಲವು ದೇಶಗಳ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಬಳಸುವ ಸಾಧನ ಎಚ್‌ಸಿಆರ್-20. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಿಂದ 1995ರಲ್ಲಿ ಮೊದಲು ಹೊರಬಂದ ಇದರ ಮೂರನೇ ಆವೃತ್ತಿಯನ್ನು ಕೆವಿನ್ ಡಗ್ಲಸ್, ಸ್ಟೀಫನ್ ಹಾರ್ಟ್, ಕ್ರಿಸ್ಟೋಫರ್ ವೆಬ್‌ಸ್ಟರ್ ಮತ್ತು ಹೆನ್ರಿಕ್ ಬೆಲ್‌ಫ್ರಾಗೆ 2013ರಲ್ಲಿ ಪ್ರಕಟಿಸಿದರು. ರಾಜ್ಯದ ಒಂದು ಜೈಲಿಗೆ ವಾರಕ್ಕೊಮ್ಮೆ ಹೋಗುವ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯಾದ ನಾನು ಎರಡು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ. ಕೊಳ್ಳಬಹುದೇ ಎಂದು ಕೇಳುತ್ತಿರುವ ಸಹೋದ್ಯೋಗಿಗಳಿಗಾಗಿ ಈ ಬರಹ.

ಕೈಗೆ ಬರುವುದು ಒಂದು ಕೈಪಿಡಿ ಮತ್ತು ಬರೆದು ತುಂಬಬೇಕಾದ ಹಾಳೆಗಳು, ಅಷ್ಟೇ. ಇಪ್ಪತ್ತು ಅಂಶಗಳಲ್ಲಿ 10 ಗತಕಾಲಕ್ಕೆ, 5 ಇತ್ತೀಚಿನ ಮನಃಸ್ಥಿತಿಗೆ, 5 ಮುಂದಿನ ದಿನಗಳ ನಿರ್ವಹಣೆಗೆ ಸಂಬಂಧಿಸಿದವು. ಪ್ರತಿಯೊಂದು ಅಂಶವೂ ಆ ವ್ಯಕ್ತಿಯಲ್ಲಿ ಇದೆಯೇ, ಇಲ್ಲವೇ, ಭಾಗಶಃ ಇದೆಯೇ ಎಂದು ಮೊದಲು ಗುರುತಿಸಿ, ಆಮೇಲೆ ಆತನ ಹಿಂಸೆಗೆ ಅದು ಎಷ್ಟರಮಟ್ಟಿಗೆ ಕಾರಣ ಎಂದು ಬೇರೆಯಾಗಿಯೇ ತೂಗಬೇಕು. ಈ ಎರಡನೆಯ ಪ್ರಶ್ನೆಯೇ ಹೊಸ ಆವೃತ್ತಿಯ ಜೀವಾಳ, ಏಕೆಂದರೆ ಕುಡಿಯುವವರೆಲ್ಲ ಕುಡಿದ ಕಾರಣಕ್ಕೇ ಹೊಡೆಯುವುದಿಲ್ಲ. ಅಂಕಗಳನ್ನು ಕೂಡಿ ಮೊತ್ತ ತೆಗೆಯುವುದಕ್ಕೆ ಇಲ್ಲಿ ಅವಕಾಶವಿಲ್ಲ. ಈತ ಏಕೆ ಹೊಡೆಯುತ್ತಾನೆ, ಮುಂದೆ ಯಾವ ಸಂದರ್ಭದಲ್ಲಿ ಯಾರ ಮೇಲೆ ಹೇಗೆ ಎರಗಬಹುದು, ತಡೆಯಲು ಯಾರು ಏನು ಮಾಡಬೇಕು ಎಂದು ವಾಕ್ಯಗಳಲ್ಲಿ ಬರೆದ ಮೇಲಷ್ಟೇ ಕೊನೆಯ ಹಂತದಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಎಂಬ ತೀರ್ಮಾನ ಬರುತ್ತದೆ.

ಹಿಂದಿನ ಆವೃತ್ತಿಯಲ್ಲಿ ಒಂದು ಅಂಶಕ್ಕಾಗಿ ರಾಬರ್ಟ್ ಹೇರ್ ರೂಪಿಸಿದ, ಸೈಕೋಪಥಿಯನ್ನು, ಎಂದರೆ ಮರುಕವಿಲ್ಲದ ಸಮಾಜವಿರೋಧಿ ವ್ಯಕ್ತಿತ್ವವನ್ನು, ಅಳೆಯುವ ಒಟ್ಟು 40 ಅಂಕಗಳ ಪಿಸಿಎಲ್-ಆರ್ ಪಟ್ಟಿಯನ್ನೋ ಅದರ ಕಿರುರೂಪವನ್ನೋ ಬಳಸಬೇಕಾಗುತ್ತಿತ್ತು. ಆ ಕಡ್ಡಾಯ ಈಗ ಇಲ್ಲ. ಖರ್ಚು ಉಳಿಯಿತು ಎಂಬುದಕ್ಕಿಂತ, ‘ಸೈಕೋಪಾತ್’ ಎಂಬ ಹಣೆಪಟ್ಟಿ ಕೈದಿಯ ಕಡತಕ್ಕೆ ಸುಲಭವಾಗಿ ಅಂಟುವುದು ತಪ್ಪಿತಲ್ಲ ಎಂಬ ಸಮಾಧಾನ ನನಗೆ. ಒಮ್ಮೆ ಅಂಟಿದರೆ ಪೆರೋಲ್ ಅರ್ಜಿಯಿಂದ ಸನ್ನಡತೆಯ ಬಿಡುಗಡೆಯವರೆಗೂ ಅದು ಬೆನ್ನು ಬಿಡುವುದಿಲ್ಲ.

ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಹೇಳುತ್ತೇನೆ. ಕೊಲೆ ಪ್ರಕರಣದಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಮೂವತ್ತರ ಹರೆಯದ ಆತ ಒಂದೇ ವರ್ಷದಲ್ಲಿ ಮೂವರು ಸಹಕೈದಿಗಳ ಮೇಲೆ ಹಲ್ಲೆ ಮಾಡಿದ್ದ. ಮೂರೂ ಬಾರಿ ದಾಖಲೆಯಲ್ಲಿ ಬರೆದದ್ದು ‘ದುರ್ವರ್ತನೆ’ ಎಂಬ ಒಂದೇ ಪದ. ಒಂಟಿ ಸೆಲ್ಲಿಗೆ ಹಾಕುವ ಆಲೋಚನೆಯಲ್ಲಿದ್ದ ಅಧಿಕಾರಿಯೊಬ್ಬರು ನನ್ನನ್ನು ಕರೆಸಿ, “ಇವನು ಡೇಂಜರಾ ಅಲ್ಲವಾ, ಅಷ್ಟು ಬರೆದುಕೊಡಿ ಮೇಡಂ, ಸಾಕು” ಎಂದರು. ಗತಕಾಲದ ಹತ್ತು ಅಂಶಗಳನ್ನು ತುಂಬಿದಾಗ ಹೆಚ್ಚುಕಡಿಮೆ ಎಲ್ಲವೂ ‘ಇದೆ’ ಎಂದೇ ಬಂದವು. ಅಲ್ಲಿಗೇ ನಿಲ್ಲಿಸಿದ್ದರೆ ಅಧಿಕಾರಿಗೆ ಬೇಕಾದ ಉತ್ತರ ಸಿಕ್ಕಿಬಿಡುತ್ತಿತ್ತು.

ಕಾರಣವನ್ನು ಬರೆಯಬೇಕಾದ ನಾಲ್ಕನೆಯ ಹಂತದಲ್ಲಿ ನನ್ನ ಪೆನ್ನು ಮುಂದೆ ಹೋಗಲಿಲ್ಲ. ಪೆಟ್ಟು ತಿಂದ ಮೂವರಿಗೂ ಆತನಿಗೂ ಹಳೆಯ ವೈರವೇನೂ ಇರಲಿಲ್ಲ. ಬ್ಯಾರಕ್ಕಿನ ವಾರ್ಡರ್ ಒಬ್ಬರನ್ನು ಕೂರಿಸಿಕೊಂಡು, ಯಾರು ಎಲ್ಲಿ ನಿಂತಿದ್ದರು ಎಂದು ಹಾಳೆಯ ಮೇಲೆ ಗೆರೆ ಎಳೆಸಿದೆ. ಮೂರು ಬಾರಿಯೂ ಮತ್ತೊಬ್ಬ ಆತನ ಎಡಗಡೆಯಿಂದ ಹತ್ತಿರ ಬಂದಿದ್ದ, ಒಮ್ಮೆ ಊಟದ ಸಾಲಿನಲ್ಲಿ, ಎರಡು ಬಾರಿ ರಾತ್ರಿ. ಮುಂದಿನ ವಾರ ಆತನನ್ನೇ ಕೇಳಿದಾಗ ತಲೆ ತಗ್ಗಿಸಿ, “ಆ ಕಿವಿ ಕೇಳಲ್ಲ ಮೇಡಂ, ಚಿಕ್ಕವನಿದ್ದಾಗ ಅಪ್ಪ ಹೊಡೆದಿದ್ರು” ಎಂದ. ಆಘಾತದ ಅನುಭವಗಳ ಅಂಶದಲ್ಲಿ ನಾನಾಗಲೇ ‘ಇದೆ’ ಎಂದು ಗುರುತು ಹಾಕಿಯಾಗಿತ್ತು. ಆದರೆ ಆ ಗುರುತಿನೊಳಗೆ ಒಂದು ಕೆಪ್ಪ ಕಿವಿ ಇದೆಯೆಂದು ಯಾವ ಪಟ್ಟಿಯೂ ಹೇಳಿರಲಿಲ್ಲ. ವರದಿಯಲ್ಲಿ ನಾನು ಕೇಳಿದ್ದು ಎಡಗಡೆ ಗೋಡೆ ಬರುವಂತೆ ಮಲಗುವ ಜಾಗ, ಕಿವಿಯ ತಪಾಸಣೆ, ಮತ್ತು ಹೆಸರು ಹಿಡಿದು ಕರೆದ ಮೇಲೇ ಹತ್ತಿರ ಹೋಗಬೇಕೆಂದು ಸಿಬ್ಬಂದಿಗೆ ಒಂದು ಸೂಚನೆ. ಅಪಾಯ ಇಲ್ಲವೆಂದು ನಾನು ಬರೆಯಲಿಲ್ಲ, ಏಕೆಂದರೆ ಅಪಾಯ ಇತ್ತು. ಆದರೆ ಒಂಟಿ ಸೆಲ್ ಅದಕ್ಕೆ ಮದ್ದಾಗಿರಲಿಲ್ಲ. ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತಿನ ಒಂಟಿವಾಸವನ್ನು ಸತತ 15 ದಿನ ಮೀರಿಸಬಾರದೆಂದು ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳು ಹೇಳುತ್ತವೆ. ಸ್ವಂತ ಇಚ್ಛೆಯಿಂದ ಒಂಟಿವಾಸ ವಿಧಿಸುವ ಅಧಿಕಾರ ಜೈಲಿನವರಿಗಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇನ್ನು ಕೊರತೆಗಳು. ಈ ಸಾಧನ ನಿಂತಿರುವುದು ದಾಖಲೆಗಳ ಮೇಲೆ. ಶಾಲೆ, ಆಸ್ಪತ್ರೆ, ಹಿಂದಿನ ಜೈಲು, ಎಲ್ಲದರ ಕಾಗದವೂ ಕೈಗೆ ಸಿಗುವ ದೇಶದಲ್ಲಿ ಹುಟ್ಟಿದ್ದು ಇದು. ನಮ್ಮಲ್ಲಿ ಅರ್ಧ ಮಾಹಿತಿ ಭೇಟಿಗೆ ಬಂದ ತಾಯಿಯ ನೆನಪಿನಿಂದ ಬರಬೇಕು. ಉದ್ಯೋಗದ ಅಂಶವನ್ನು ಕೈಪಿಡಿಯಂತೆ ಅಕ್ಷರಶಃ ನೋಡಿದರೆ ಗಾರೆ ಕೆಲಸಕ್ಕೆ ಊರೂರು ಅಲೆಯುವ ಪ್ರತಿಯೊಬ್ಬನಿಗೂ ‘ಸಮಸ್ಯೆ ಇದೆ’ ಎಂದು ಬರೆಯಬೇಕಾಗುತ್ತದೆ. ಭಾಷೆಯ ತೊಡಕು ಬೇರೆ. ನಾನು ಇಂಗ್ಲಿಷ್ ಪ್ರತಿಯನ್ನೇ ಇಟ್ಟುಕೊಂಡು ಕನ್ನಡದಲ್ಲಿ ಮಾತಾಡಿಸುತ್ತೇನೆ. ಇತ್ತೀಚಿನ ಮನಃಸ್ಥಿತಿಯ ಮೊದಲ ಅಂಶವಾದ ‘ಇನ್‌ಸೈಟ್’ ಅನ್ನು ‘ಒಳನೋಟ’ ಎಂದು ಅನುವಾದಿಸಿದರೆ ನಮ್ಮ ಸಾಹಿತ್ಯ ವಿಮರ್ಶಕರನ್ನು ಹೊಗಳಿದಂತಾಗುತ್ತದೆಯೇ ಹೊರತು, ತನ್ನ ಸಿಟ್ಟು ತನಗೆ ಗೊತ್ತಾಗುವುದು ಎಂಬ ಅರ್ಥ ಬರುವುದಿಲ್ಲ. ಹಿಂದಿ, ತೆಲುಗು ಮಾತಾಡುವವರಿಗೆ ಸಹಕೈದಿಯನ್ನೇ ದುಭಾಷಿಯಾಗಿ ಕೂರಿಸುವ ರೂಢಿಯಿದೆ. ಅದನ್ನು ಒಪ್ಪಿಕೊಳ್ಳಬೇಡಿ, ಏಕೆಂದರೆ ಆ ಕೋಣೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಬ್ಯಾರಕ್ಕಿಗೆ ತಲುಪಿರುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ವಿಚಾರಣಾಧೀನ ಬಂದಿಗಳ ವಿಷಯ. ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಅವರೇ. ಹಿಂಸೆಯ ಇತಿಹಾಸವನ್ನು ಕೆದಕುವ ಮೊದಲ ಅಂಶಕ್ಕಾಗಿ ಆರೋಪಿಯಿಂದ ನಾನು ಬಾಯಿಬಿಡಿಸುವ ಮಾತು, ನಾಳೆ ಆತನ ವಿರುದ್ಧವೇ ನಿಲ್ಲುವ ಕಾಗದವಾಗಬಹುದು. ಹಾಗಾಗಿ ಮಾತಿಗೆ ಮುಂಚೆಯೇ ಈ ವರದಿಯನ್ನು ಯಾರು ಓದುತ್ತಾರೆ, ಯಾವ ಮಾತನ್ನು ನಾನು ಗುಟ್ಟಾಗಿಡಲಾರೆ ಎಂದು ಬಿಡಿಸಿ ಹೇಳುತ್ತೇನೆ, ಮತ್ತು ನಡೆಯುತ್ತಿರುವ ಮೊಕದ್ದಮೆಯ ಘಟನೆಯನ್ನು ಕೇಳುವುದೇ ಇಲ್ಲ. ಇದರಿಂದ ಅಂದಾಜು ಸೊರಗುತ್ತದೆ, ನಿಜ. ಸೊರಗಲಿ ಎಂದು ಬಿಟ್ಟಿದ್ದೇನೆ.

ಕೊಳ್ಳುವುದಾದರೆ ಮೊದಲು ತರಬೇತಿ ಪಡೆಯಿರಿ, ಒಬ್ಬರೇ ತುಂಬಬೇಡಿ, ಒಂದು ಪ್ರಕರಣಕ್ಕೆ ಹಲವು ಗಂಟೆಗಳಾದರೂ ಬೇಕೆಂದು ಇಟ್ಟುಕೊಳ್ಳಿ. ಮುಖ್ಯವಾಗಿ, ನೀವು ಬರೆಯುವ ಯೋಜನೆಯನ್ನು ಜಾರಿಗೆ ತರಲು ಜೈಲಿನೊಳಗೆ ಒಬ್ಬರಾದರೂ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನಲ್ಲಿ ಮಾನಸಿಕ ಚಿಕಿತ್ಸಾ ಘಟಕ ಇರಬೇಕೆನ್ನುತ್ತದೆ. ಅಂಥದ್ದು ಹತ್ತಿರದಲ್ಲಿದ್ದರೆ ನಿಮ್ಮ ಅದೃಷ್ಟ.

ಗೋಡೆಯ ಪಕ್ಕದ ಜಾಗ ಸಿಕ್ಕ ಮೇಲೆ ಆತನಿಂದ ಏಳು ತಿಂಗಳು ಹಲ್ಲೆ ನಡೆಯಲಿಲ್ಲ. ಆಮೇಲೆ ಆಡಳಿತದ ಕಾರಣಕ್ಕೆ ಬೇರೆ ಜೈಲಿಗೆ ವರ್ಗವಾಯಿತು. ಕಡತದೊಂದಿಗೆ ಹೋದದ್ದು ನನ್ನ ವರದಿಯ ಕೊನೆಯ ಪುಟ ಮಾತ್ರ, ‘ಗಂಭೀರ ಹಲ್ಲೆಯ ಅಪಾಯ: ಹೆಚ್ಚು’ ಎಂದಿದ್ದ ಪುಟ. ಕಿವಿಯ ವಿಷಯವನ್ನು ಅಲ್ಲಿನ ವೈದ್ಯರಿಗೆ ನಾನೇ ಫೋನ್ ಮಾಡಿ ಹೇಳಿದೆ.