ಮಕ್ಕಳ ಚಾರಣದ ಸೇಫ್ಟಿ ಕಿಟ್: ಮೂರು ಮಳೆಗಾಲದ ನಂತರ ಚೀಲ ಉಳಿದಿದೆ, ಸಾಮಾನು ಬದಲಾಗಿದೆ

ಬಳಸಿದ್ದು: ಹತ್ತು ಜನರ ತಂಡಕ್ಕೆಂದು ಮಾರುವ ರೆಡಿಮೇಡ್ ಟ್ರೆಕ್ಕಿಂಗ್ ಸೇಫ್ಟಿ ಕಿಟ್. ಜಾಗ: ಪುಣೆ ಸುತ್ತಲಿನ ಬೆಟ್ಟದ ಕೋಟೆಗಳು, ಸಿಂಹಗಡ, ಲೋಹಗಡ, ರಾಜಮಾಚಿ, ರಾಜಗಡ. ಬಳಸಿದವರು: ಪುಣೆಯ ಕನ್ನಡ ಮನೆಗಳ 11ರಿಂದ 16 ವರ್ಷದ ಮಕ್ಕಳು, ಜತೆಗೆ ಇಬ್ಬರು ಮೂವರು ಹಿರಿಯರು. ಅಂಕ: ಐದಕ್ಕೆ ಮೂರು. ಅದರಲ್ಲಿ ಎರಡು ಚೀಲಕ್ಕೇ ಹೋಯಿತು.

ಚೀಲ ನಿಜಕ್ಕೂ ಗಟ್ಟಿ. ಕೆಂಪು ಬಣ್ಣ, ಪುಸ್ತಕದ ಹಾಗೆ ಪೂರ್ತಿ ತೆರೆದುಕೊಳ್ಳುವ ಜಿಪ್, ಒಳಗೆ ಪಾರದರ್ಶಕ ಜೇಬುಗಳು. ಬೇಕಾದದ್ದು ತಡಕಾಡದೆ ಸಿಗುತ್ತದೆ. 'ವಾಟರ್‌ಪ್ರೂಫ್' ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಬಟ್ಟೆ ನೀರು ತಡೆಯುತ್ತದೆ, ಹೊಲಿಗೆ ತಡೆಯುವುದಿಲ್ಲ. ಜುಲೈ ಮಳೆಯಲ್ಲಿ ನಾಲ್ಕು ಗಂಟೆ ನಡೆದರೆ ಒಳಗಿನ ಗಾಜ್ (ಗಾಯಕ್ಕೆ ಕಟ್ಟುವ ಬಲೆಬಟ್ಟೆ) ತೊಯ್ದಿರುತ್ತದೆ. ಗಾಜ್, ಮಾತ್ರೆ, ಬ್ಯಾಟರಿಗಳನ್ನು ಬೇರೆ ಬೇರೆ ಜಿಪ್‌ಲಾಕ್ ಕವರಿಗೆ ಹಾಕಿ ಇಡಬೇಕು.

ಒಳಗಿನ ಪ್ಲಾಸ್ಟರ್‌ಗಳು ಒದ್ದೆ ಚರ್ಮಕ್ಕೆ ಅಂಟುವುದೇ ಇಲ್ಲ. ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಕಿಟ್ ಬಿಟ್ಟರೆ ಗೋಂದು ಕರಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಬದಲಿಗೆ ಮೆಡಿಕಲ್ ಅಂಗಡಿಯ ಜಿಂಕ್ ಆಕ್ಸೈಡ್ ಬಟ್ಟೆ ಟೇಪ್, 2.5 ಸೆಂ.ಮೀ. ಅಗಲದ್ದು, ಎರಡು ಸುರುಳಿ. ಹಿಮ್ಮಡಿಯಲ್ಲಿ ಉರಿ ಶುರುವಾದ ಕೂಡಲೇ ಒರೆಸಿ ಅಂಟಿಸಬೇಕು. ಗುಳ್ಳೆ ಎದ್ದ ಮೇಲೆ ಅಂಟಿಸಿದರೆ ಟೇಪ್ ತೆಗೆಯುವಾಗ ಚರ್ಮವೂ ಎದ್ದುಬರುತ್ತದೆ. ಮಕ್ಕಳು ನಾಚಿಕೆಗೆ ಹೇಳುವುದಿಲ್ಲ. ಮೊದಲ ವಿರಾಮದಲ್ಲೇ ಒಬ್ಬೊಬ್ಬರನ್ನೂ ಕೇಳಿ.

ಕ್ರೇಪ್ ಬ್ಯಾಂಡೇಜ್ ಒಂದೇ ಒಂದು, ಅದೂ 6 ಸೆಂ.ಮೀ. ಅಗಲದ್ದು. ಮಣಿಕಟ್ಟಿಗೆ ಸರಿ, ಪಾದಕ್ಕೆ ಸಾಲದು. ಪಾಚಿಗಟ್ಟಿದ ಬಸಾಲ್ಟ್ ಬಂಡೆಯ ಮೇಲೆ ಹೆಚ್ಚಾಗಿ ಉಳುಕುವುದು ಪಾದದ ಕೀಲೇ. ಹತ್ತು ಮಕ್ಕಳಿಗೆ 10 ಸೆಂ.ಮೀ.ನವು ಮೂರಾದರೂ ಬೇಕು. ಬೆರಳಿನ ಬುಡದಿಂದ ಮೇಲಕ್ಕೆ ಎಂಟರ ಆಕಾರದಲ್ಲಿ ಸುತ್ತಿ. ಬೆರಳು ಜೋಮು ಹಿಡಿದರೆ, ಬಣ್ಣ ತಿರುಗಿದರೆ ಸಡಿಲಿಸಿ.

ಹೆಚ್ಚು ಕಾಡಿದ್ದು ಹಣೆಗೆ ಕಟ್ಟುವ ಹೆಡ್‌ಟಾರ್ಚ್. ಕಿಟ್ಟಿನಲ್ಲಿ ಬಂದ ಎರಡೂ ಯುಎಸ್‌ಬಿ ಚಾರ್ಜಿನವು, ಐಪಿಎಕ್ಸ್4 ದರ್ಜೆಯವು. ಅಂದರೆ ತುಂತುರು ತಡೆಯುತ್ತವೆ, ಅದೂ ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಗಟ್ಟಿಯಾಗಿರುವ ತನಕ. ಮುಚ್ಚಳ ವರ್ಷದೊಳಗೆ ಕಿತ್ತುಬಂತು. ಈಗ ಬಳಕೆಯಲ್ಲಿರುವುದು ಮೂರು ಎಎಎ ಸೆಲ್ ಹಾಕುವ ಮಾಮೂಲಿ ಟಾರ್ಚ್. ಬುಧವಾರ ಪೇಠೆಯ ತಪಕೀರ್ ಗಲ್ಲಿ ಸುತ್ತಿದರೆ ಇಂಥವು ಬೇಕಾದಷ್ಟು. ಹಳೆ ಸೆಲ್ಲಿನ ಜತೆ ಹೊಸದು ಬೆರೆಸಿದರೆ ಹಳೆಯದು ಸೋರಿ ಟಾರ್ಚನ್ನೇ ಕೆಡಿಸುತ್ತದೆ. ಸ್ಯಾಕಿನೊಳಗೆ ಗುಂಡಿ ಒತ್ತಿಕೊಂಡು ತಾನೇ ಉರಿಯದಿರಲು ಒಂದು ಸೆಲ್ಲನ್ನು ತೆಗೆದಿಡಿ. ಹೆಚ್ಚು ಲುಮೆನ್ (ಬೆಳಕಿನ ಅಳತೆ) ಇದ್ದರೆ ಒಳ್ಳೆಯದೆಂದು ದುಡ್ಡು ಸುರಿಯಬೇಡಿ. ರಾಜಗಡದ ಮೇಲೆ ಮಂಜು ಇಳಿದಾಗ ಹಣೆಯ ಮೇಲಿನ ಪ್ರಖರ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಬೆಳಕು ತಗ್ಗಿಸಿ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಮೆಟ್ಟಿಲು ಕಾಣುತ್ತದೆ.

ಸೀಟಿಯಲ್ಲೂ ಇದೇ ಕತೆ. ಒಳಗೆ ಗುಂಡು ಉರುಳುವ ಸೀಟಿ ನೆನೆದರೆ ಕುಯ್ ಅನ್ನುತ್ತದೆ, ಅಷ್ಟೇ. ಗುಂಡಿಲ್ಲದ ಪ್ಲಾಸ್ಟಿಕ್ ಸೀಟಿ ಕೊಳ್ಳಿ, ತಲೆಗೊಂದರಂತೆ. ಆಪತ್ತಿನ ಸಂಕೇತ: ನಿಮಿಷಕ್ಕೆ ಆರು ಸಲ, ನಂತರ ಒಂದು ನಿಮಿಷ ಬಿಡುವು, ಕೇಳಿದವರ ಉತ್ತರ ನಿಮಿಷಕ್ಕೆ ಮೂರು. ಆಟಕ್ಕೆ ಊದಿದವನ ಸೀಟಿ ಕಸಿಯಬೇಡಿ, ಅವನಿಗೂ ಅದು ಬೇಕಾಗಬಹುದು. ಬೈದರೆ ಸಾಕು.

ಬೆಳ್ಳಿ ಹಾಳೆಯ ಎಮರ್ಜೆನ್ಸಿ ಹೊದಿಕೆ ಒಂದು ಸಲ ಬಿಚ್ಚಿದರೆ ಮಡಿಕೆಯಲ್ಲಿ ಹರಿಯುತ್ತದೆ, ಆದರೂ ಇರಲಿ. ಒದ್ದೆ ಬಟ್ಟೆಯ ಮೇಲೆ ಸುತ್ತಿದರೆ ಹೆಚ್ಚು ಪ್ರಯೋಜನವಿಲ್ಲ. ಮೊದಲು ಬಟ್ಟೆ ಬದಲಿಸಿ. ಹಾಗಾಗಿ ಪ್ರತಿ ಮಗುವಿನ ಸ್ಯಾಕಿನಲ್ಲೂ ಒಂದು ಒಣ ಟೀಶರ್ಟ್ ಕವರಿನಲ್ಲಿ ಕಟ್ಟಿರಬೇಕು. ಕಿಟ್ಟಿನ ತೆಳು ಪೋಂಚೋ (ತಲೆಯಿಂದ ಇಳಿಬಿಡುವ ಮಳೆ ಹೊದಿಕೆ) ಗಾಳಿಗೆ ಹಾರಿ ಮಗುವಿಗೆ ತನ್ನ ಕಾಲೇ ಕಾಣದ ಹಾಗೆ ಮಾಡುತ್ತದೆ. ಕಲ್ಲುಮೆಟ್ಟಿಲಿಗೆ ಜಾಕೆಟ್ಟೇ ಸರಿ. 'ರೆಸ್ಕ್ಯೂ ರೋಪ್' ಎಂಬ ಹತ್ತು ಮೀಟರ್ ಹುರಿಯ ಮೇಲೆ ಎಷ್ಟು ಭಾರ ತಾಳುತ್ತದೆಂದು ಎಲ್ಲೂ ಬರೆದಿಲ್ಲ. ಬಟ್ಟೆ ಒಣಹಾಕಲು ಚೆನ್ನಾಗಿದೆ.

ಹಾವು ಕಚ್ಚಿದರೆ ವಿಷ ಹೀರುವ ರಬ್ಬರ್ ಬಟ್ಟಲು, ಬಿಗಿಯುವ ಪಟ್ಟಿ ಎರಡನ್ನೂ ಕೊಂಡ ದಿನವೇ ಎಸೆಯಿರಿ. ಬಿಗಿಯುವುದು, ಕೊಯ್ಯುವುದು, ಹೀರುವುದು ಎಲ್ಲವೂ ಅಪಾಯ. ಕಚ್ಚಿದ ಅಂಗ ಅಲುಗಾಡದಂತೆ ಕೋಲು ಕಟ್ಟಿ, ಮಗುವನ್ನು ನಡೆಸದೆ ಹೊತ್ತು ಇಳಿಸಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಆಂಬುಲೆನ್ಸಿಗೆ 108. ಕೋಟೆಗಳಲ್ಲಿ ಹೆಜ್ಜೇನಿನ ಭಯವೂ ಇದೆ. ಅತ್ತರು, ಡಿಯೋಡರೆಂಟ್, ಹೊಗೆ ಬೇಡ.

ಕಿಟ್ಟಿನಲ್ಲಿ ಇಲ್ಲದ್ದು: ಓಆರ್‌ಎಸ್. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಅರ್ಧ ಬಾಟಲಿಗೆ ಸುರಿದರೆ ಉಪ್ಪು ಹೆಚ್ಚಾಗಿ ಕೆಡುಕೇ ಆಗುತ್ತದೆ. ಕೋಟೆಯ ಟಾಕಿ (ಬಂಡೆಯಲ್ಲಿ ಕೊರೆದ ತೊಟ್ಟಿ) ನೀರಿಗೆ ಕ್ಲೋರಿನ್ ಮಾತ್ರೆ ಹಾಕುವ ಮುನ್ನ ಬಟ್ಟೆಯಲ್ಲಿ ಸೋಸಿ, ಹಾಕಿದ ಮೇಲೆ ಅರ್ಧ ಗಂಟೆ ಕಾಯಿರಿ. ಕೆಸರು ನೀರಿನಲ್ಲಿ ಮಾತ್ರೆಯ ಶಕ್ತಿ ಕೆಸರಿಗೇ ಖರ್ಚಾಗುತ್ತದೆ. ಇನ್ನೊಂದು, ಪ್ರತಿ ಮಗುವಿನ ಜೇಬಿಗೆ ಲ್ಯಾಮಿನೇಟ್ ಮಾಡಿದ ಚೀಟಿ: ಹೆಸರು, ರಕ್ತದ ಗುಂಪು, ಅಲರ್ಜಿ, ಎರಡು ಫೋನ್ ನಂಬರ್. ಅದನ್ನು ಮರಾಠಿಯಲ್ಲಿ ಬರೆಯಿರಿ. ರಾಜಗಡದ ಬುಡದ ಗುಂಜವಣೆಯಲ್ಲೋ ರಾಜಮಾಚಿಯ ಉಧೇವಾಡಿಯಲ್ಲೋ ಮೊದಲು ಓಡಿಬರುವ ಹಳ್ಳಿಯ ಮಾಮಾ ಕನ್ನಡ ಓದುವುದಿಲ್ಲ.

ಕಿಟ್ ಹಿಂದಿನವರ ಬಳಿ ಇರಲಿ. ಬಿದ್ದವರು, ಸೋತವರು ಸಾಮಾನ್ಯವಾಗಿ ಹಿಂದೆಯೇ ಉಳಿಯುತ್ತಾರೆ. ಮುಂದಿನವರ ಬೆನ್ನಲ್ಲಿದ್ದರೆ ಅದು ಮತ್ತೆ ಇಳಿದು ಬರಬೇಕು. ಟಾರ್ಚ್, ಸೀಟಿ, ನೀರು ಮಾತ್ರ ಅವರವರ ಬಳಿ.

ಈ ಖಾಲಿ ಚೀಲ ಮಾತ್ರ ಬೇರೆಯಾಗಿ ಸಿಕ್ಕರೆ ಅದನ್ನೇ ಕೊಂಡು ಉಳಿದದ್ದನ್ನು ಮೆಡಿಕಲ್ ಅಂಗಡಿಯಲ್ಲಿ ತುಂಬಿಸಿ. ಮನೆಗೆ ಬಂದ ರಾತ್ರಿಯೇ ಜಿಪ್ ಬಿಚ್ಚಿ ಫ್ಯಾನಿನ ಕೆಳಗೆ ತೂಗುಹಾಕಿ, ಟಾರ್ಚಿನ ಸೆಲ್ ತೆಗೆದಿಡಿ.